ಕೊಟ್ಟ ಪೈಪನ್ನು ವಾಪಸ್ ಕೇಳುವುದು ಹೇಗೆ

ಎಲ್ಲ ಅನರ್ಥಕ್ಕೂ ಮೂಲ ಆ ಹಾಳು ಹೊಳಪು. ಕನೆಕ್ಷನ್ ಪೈಪು ಎಂದರೆ ಎಲ್ಲರೂ ನೋಡಿರುತ್ತಾರೆ. ಬೇಸಿನ್ನಿನ ಕೆಳಗೆ, ಗೋಡೆಯಿಂದ ನಲ್ಲಿಗೆ ನೀರು ಒಯ್ಯುವ, ಹೇಗೆ ಬೇಕಾದರೂ ಬಾಗುವ ಮೊಳದುದ್ದದ ಪೈಪು. ಒಳಗೆ ಬರೀ ರಬ್ಬರು, ಮೈಮೇಲೆ ಮಾತ್ರ ಸ್ಟೀಲಿನ ಹೆಣಿಗೆ. ಎಷ್ಟು ಹಳೆಯದಾದರೂ ಒಂದು ಸಲ ಬಟ್ಟೆಯಲ್ಲಿ ಉಜ್ಜಿದರೆ ಈಗ ತಾನೇ ಅಂಗಡಿಯಿಂದ ಬಂದಂತೆ ಮಿಂಚುತ್ತದೆ. ಅಂಥದ್ದನ್ನು ಕಸಕ್ಕೆ ಹಾಕಲು ನಲ್ಲಿರಾಯರಿಗೆ ಕೈ ಬರಲಿಲ್ಲ.

ನಲ್ಲಿರಾಯರು ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರ ಹಿರಿಯ ಪ್ಲಂಬರು. ಅವರಿಗೆ ಬೇರೆ ಹೆಸರಿದೆ, ಆದರೆ ಹಾಜರಿ ಪುಸ್ತಕದ ಹೊರಗೆ ಅದನ್ನು ಯಾರೂ ಬಳಸುವುದಿಲ್ಲ. ಒಂದು ವರ್ಷದ ಹಿಂದೆ ಆಸ್ಪತ್ರೆಗೆ ಆರ್ಡರು ಬಂದಿತ್ತು. ವಾರ್ಡುಗಳಲ್ಲಿರುವ ಕನೆಕ್ಷನ್ ಪೈಪುಗಳನ್ನೆಲ್ಲ ತೆಗೆದು ತಾಮ್ರದ ಗಟ್ಟಿ ಪೈಪು ಹಾಕಬೇಕು, ತೆಗೆದದ್ದನ್ನು ಕತ್ತರಿಸಿ ನಾಶಮಾಡಬೇಕು. ಯಾಕೆ ಎನ್ನುವುದು ಎರಡನೆಯ ಪುಟದಲ್ಲಿತ್ತು. ರಾಯರು ತಮ್ಮ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಯಾವ ಆರ್ಡರಿನ ಎರಡನೆಯ ಪುಟವನ್ನೂ ಓದಿದವರಲ್ಲ. ಮೊದಲನೆಯ ಪುಟದಲ್ಲಿ ಹೇಳಿದ್ದನ್ನು ಮಾಡುವುದು, ಕೊನೆಯ ಪುಟದಲ್ಲಿ ಸಹಿ ಹಾಕುವುದು, ಇದು ಅವರ ಪದ್ಧತಿ.

ಪೈಪುಗಳನ್ನು ಬದಲಾಯಿಸಿದರು, ಕತ್ತರಿಸಿದರು, ಸಹಿ ಹಾಕಿದರು. ಐದನ್ನು ಮಾತ್ರ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ಅವರಿದ್ದ ಕಟ್ಟಡದಲ್ಲಿ ಆರು ಮನೆ. ತಮ್ಮದನ್ನು ಬಿಟ್ಟರೆ ಐದು. ಮನೆಗೊಂದರಂತೆ ಪೇಪರಿನಲ್ಲಿ ಸುತ್ತಿ, ಮದುವೆ ಕರೆಯಲು ಹೋದವರ ಗತ್ತಿನಲ್ಲಿ ಹಂಚಿ ಬಂದರು. "ನಮ್ಮ ಆಸ್ಪತ್ರೆದು. ಒಳ್ಳೇ ಮಾಲು. ಈಗ ಅಂಗಡೀಲಿ ಇಂಥದ್ದು ಸಿಗಲ್ಲ," ಎಂದರು. ತಾವೇ ಹಾಕಿಕೊಡುತ್ತೇನೆ ಎಂದಾಗ ಐದೂ ಮನೆಯವರು "ಅಯ್ಯೋ, ನಿಮಗ್ಯಾಕೆ ತೊಂದರೆ, ನಾವೇ ಹಾಕಿಸ್ಕೋತೀವಿ," ಎಂದು ಕೈ ಮುಗಿದರು. ಹದಿನೈದು ದಿನ ಬಿಟ್ಟು ರಾಯರು ಒಂದೊಂದು ಮನೆಗೂ ಯಾವುದೋ ನೆಪದಲ್ಲಿ ಹೋಗಿ, ಕೈ ತೊಳೆಯುವವರಂತೆ ಬಗ್ಗಿ ನೋಡಿದರು. ಐದೂ ಕಡೆ ಬೇಸಿನ್ನಿನ ಕೆಳಗೆ ಪೈಪು ಮಿಂಚುತ್ತಿತ್ತು. ಅವತ್ತಿನಿಂದ ಆ ಕಟ್ಟಡದ ಮೆಟ್ಟಿಲು ಹತ್ತುವಾಗ ರಾಯರ ಎದೆ ಎರಡು ಅಂಗುಲ ಮುಂದಿರುತ್ತಿತ್ತು.

ವರ್ಷವಿಡೀ ಮುಂದಿದ್ದ ಆ ಎದೆ ಈ ದಿನ ಬೆಳಗ್ಗೆ ಹತ್ತೂವರೆಗೆ ಕುಸಿಯಿತು.

ಆಸ್ಪತ್ರೆಯ ಸಭಾಂಗಣದಲ್ಲಿ ತರಬೇತಿ. ನೀರು ಪರೀಕ್ಷೆಯ ಪ್ರಯೋಗಾಲಯದಿಂದ ಒಬ್ಬ ಮೇಡಂ ಬಂದಿದ್ದರು. ದನಿ ಸಣ್ಣದು, ಕಣ್ಣು ಚುರುಕು. ಬೇರೆ ಯಾವುದೋ ಕಟ್ಟಡದಿಂದ ತೆಗೆದ ಕನೆಕ್ಷನ್ ಪೈಪೊಂದನ್ನು ಮೇಜಿನ ಮೇಲಿಟ್ಟು, ಕೈಗವಸು ಹಾಕಿಕೊಂಡು, ಉದ್ದಕ್ಕೆ ಸೀಳಿದರು. ಒಳಗಿನ ರಬ್ಬರಿನ ತುಂಬ ಕಂದುಗಪ್ಪು ಲೋಳೆ. ಮುಂದಿನ ಸಾಲಿನ ನರ್ಸೊಬ್ಬರು ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಹೊರಗಡೆ ಫಳಫಳ, ಒಳಗಡೆ ಹೀಗೆ," ಎಂದರು ಮೇಡಂ. "ನೀರು ನಿಂತಾಗ ರಬ್ಬರಿಗೆ ಈ ಲೋಳೆ ಹತ್ತುತ್ತೆ. ಲೋಳೆ ಒಳಗೆ ರೋಗಾಣು ಮನೆ ಮಾಡ್ಕೊಳ್ಳುತ್ತೆ. ಬೆಚ್ಚಗಿನ ನೀರಾದ್ರಂತೂ ಕೇಳೋದೇ ಬೇಡ. ಗಟ್ಟಿಮುಟ್ಟಾಗಿರೋರು ತಡ್ಕೋಬಹುದು. ಆದ್ರೆ ಕಾಯಿಲೆಯವರು, ವಯಸ್ಸಾದವರು, ಎಳೇ ಮಕ್ಕಳು ತಡ್ಕೊಳ್ಳಲ್ಲ. ಇದೆಲ್ಲ ನಿಮಗೆ ಕಳಿಸಿದ ಆರ್ಡರಲ್ಲೇ ಇದೆ, ಎರಡನೇ ಪುಟದಲ್ಲಿ."

ಎಳೇ ಮಕ್ಕಳು ಎಂದ ಕೂಡಲೇ ರಾಯರಿಗೆ ಮನೆಯ ನೆನಪಾಯಿತು. ಅವರ ಕಟ್ಟಡದ ಮೊದಲ ಮಹಡಿಯಲ್ಲಿ ಟೈಲರಕ್ಕನ ಮಗಳು ಹೆರಿಗೆಗೆ ಬಂದಿದ್ದಳು. ಮಗುವಿಗೆ ಇಪ್ಪತ್ತೆಂಟು ದಿನ.

"ಇಲ್ಲಿಂದ ತೆಗೆದ ಪೈಪುಗಳೆಲ್ಲ ಏನಾದವು?" ಎಂದು ಮೇಡಂ ಕೇಳಿದರು.

ಸೂಪರಿಂಟೆಂಡೆಂಟ್ ಡಾಕ್ಟರು ಹೆಮ್ಮೆಯಿಂದ ಎದ್ದು ನಿಂತರು. "ಒಂದೂ ಬಿಡದೆ ನಾಶ ಮಾಡಿದೀವಿ, ಮೇಡಂ. ಅದೋ, ಅಲ್ಲಿ ಮೂಲೇಲಿ ಕೂತಿದಾರಲ್ಲ, ನಮ್ಮ ನಲ್ಲಿರಾಯರು, ಖುದ್ದಾಗಿ ನಿಂತು ಮಾಡಿಸಿದ್ದು. ಸಹಿ ಇದೆ. ಏಳ್ರಿ ರಾಯರೇ, ಎಲ್ರೂ ನೋಡ್ಲಿ."

ಸಭೆ ಚಪ್ಪಾಳೆ ತಟ್ಟಿತು. ರಾಯರು ಎದ್ದು ನಿಂತರು. ಕಿವಿಯ ತುದಿಯವರೆಗೂ ಬಿಸಿಯೇರಿತು. ನೆಲ ಬಾಯಿ ಬಿಟ್ಟರೆ ಅಲ್ಲಿಯೇ ಇಳಿದುಬಿಡುತ್ತಿದ್ದರು, ಆದರೆ ಸರ್ಕಾರಿ ಕಟ್ಟಡದ ನೆಲ, ಸುಲಭಕ್ಕೆ ಬಾಯಿ ಬಿಡುವುದಿಲ್ಲ. ಕೈ ಮುಗಿದು ಕುಳಿತರು. ಜೀವಮಾನದಲ್ಲಿ ಅವರಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಯಾರೋ ಎಲ್ಲರೆದುರಿಗೆ ಕೆನ್ನೆಗೆ ಬಾರಿಸಿದ ಹಾಗಿತ್ತು.

ಊಟದ ಹೊತ್ತಿಗೆ ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಅರ್ಧ ದಿನದ ರಜೆ ಹಾಕಿದರು. ದಾರಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಐದು ತಾಮ್ರದ ಪೈಪು ಕೊಂಡು, ಚೀಲ ಹೆಗಲಿಗೇರಿಸಿ, ಕಳ್ಳನ ಹಾಗೆ ತಮ್ಮದೇ ಕಟ್ಟಡದೊಳಗೆ ಕಾಲಿಟ್ಟರು. ಸಂಜೆಯೊಳಗೆ ಐದೂ ಪೈಪು ವಾಪಸ್ ಪಡೆಯಬೇಕು, ಯಾಕೆ ಎಂದು ಯಾರಿಗೂ ತಿಳಿಯಬಾರದು. ಮಗುವೂ ಉಳಿಯಬೇಕು, ಮಾನವೂ ಉಳಿಯಬೇಕು. ಎರಡೂ ಒಟ್ಟಿಗೆ ಉಳಿಯುವ ದಾರಿಯೊಂದನ್ನು ಅವರು ಬಸ್ಸಿನಲ್ಲಿ ಕುಳಿತು ಹುಡುಕಿದ್ದರು. ಸಿಕ್ಕಿರಲಿಲ್ಲ.

ಮೊದಲು ಟೆರೇಸಿಗೆ ಹೋಗಿ ಟ್ಯಾಂಕಿನ ವಾಲ್ವು ತಿರುಗಿಸಿ ಇಡೀ ಕಟ್ಟಡದ ನೀರು ನಿಲ್ಲಿಸಿದರು. ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಅನ್ನುತ್ತಾರಲ್ಲ.

ನೆಲ ಅಂತಸ್ತಿನಲ್ಲಿ ರಿಟೈರ್ಡ್ ಮೇಷ್ಟ್ರು. ಬಾಗಿಲು ತೆರೆದವರೇ ಕನ್ನಡಕದ ಮೇಲಿಂದ ನೋಡಿದರು.

"ಏನು ರಾಯರೇ, ಮಧ್ಯಾಹ್ನದ ಹೊತ್ತಲ್ಲಿ?"

"ಏನಿಲ್ಲ ಮೇಷ್ಟ್ರೇ. ಆ ಪೈಪು ಒಂಚೂರು ಚೆಕ್ಕಿಂಗು."

"ಪೈಪಿಗೇನಾಗಿದೆ?"

"ಆಗಿಲ್ಲ. ಆಗೋಕೆ ಮುಂಚೆ ಬದಲಾಯಿಸಿಬಿಡೋಣ ಅಂತ."

"ಆಗದೇ ಇದ್ದದ್ದನ್ನ ಬದಲಾಯಿಸೋದು ಯಾಕೆ? ಕಾರಣ ಹೇಳಿ," ಎಂದರು ಮೇಷ್ಟ್ರು. ಮೂವತ್ತು ವರ್ಷ ಮಕ್ಕಳಿಂದ ಕಾರಣ ಕೇಳಿ ಕೇಳಿ ಅಭ್ಯಾಸವಾದವರು.

"ಅದಕ್ಕೂ ವಯಸ್ಸಾಗುತ್ತಲ್ಲ ಮೇಷ್ಟ್ರೇ."

ಮೇಷ್ಟ್ರು ಯಾಕೋ ಒಂದು ಕ್ಷಣ ತಬ್ಬಿಬ್ಬಾಗಿ ಒಳಗೆ ನೋಡಿದರು. ಒಳಗಿನಿಂದ ಅವರ ಹೆಂಡತಿಯ ಕೆಮ್ಮು ಕೇಳಿಸಿತು. "ಸರಿ, ತಗೊಳ್ಳಿ. ನಿಮ್ದೇ ತಾನೇ," ಎಂದು ದಾರಿ ಬಿಟ್ಟರು. ರಾಯರು ಬೇಸಿನ್ನಿನ ಕೆಳಗೆ ನುಗ್ಗಿ ನಟ್ಟು ಬಿಚ್ಚಿದರು. ಅವಸರದಲ್ಲಿ ಪೈಪಿನಲ್ಲಿ ಉಳಿದಿದ್ದ ನೀರು ಅವರ ಅಂಗಿಯ ತೋಳಿನೊಳಗೆ ಇಳಿದು ಕಂಕುಳು ಸೇರಿತು. ಅದರಲ್ಲಿ ಏನೇನಿದೆಯೋ ಎಂದು ನೆನೆದು ಮೈ ಜುಮ್ಮೆಂದಿತು. ಮೇಷ್ಟ್ರ ಹೆಂಡತಿಯ ಕೆಮ್ಮು ಇನ್ನೊಮ್ಮೆ ಕೇಳಿದಾಗಂತೂ ತಾಮ್ರದ್ದನ್ನು ಬೇಗ ಬೇಗ ಬಿಗಿದು, ಅಪರಾಧಿಯ ಹಾಗೆ ತಲೆ ತಗ್ಗಿಸಿಕೊಂಡೇ ಹೊರಬಿದ್ದರು.

ಎದುರು ಮನೆಯ ಇನ್ಶೂರೆನ್ಸ್ ಏಜೆಂಟರು ಅಷ್ಟರಲ್ಲಿ ತಾವೇ ಬಾಗಿಲಿಗೆ ಬಂದಿದ್ದರು. ಸೊಂಟಕ್ಕೆ ಟವೆಲು, ತಲೆಯ ತುಂಬ ಶಾಂಪೂ ನೊರೆ, ಒಂದು ಕಣ್ಣು ಮುಚ್ಚಿತ್ತು.

"ನೀರು ನಿಂತೋಯ್ತಲ್ರೀ ರಾಯರೇ! ಕಣ್ಣು ಉರೀತಿದೆ!"

"ಬಂತು, ಈಗ ಬಂತು. ನೀವು ಹಾಗೇ ನಿಂತಿರಿ, ನಾನು ಆ ಪೈಪು ತಗೊಂಡ್ಬಿಡ್ತೀನಿ."

"ಯಾವ ಪೈಪು? ನೀವು ಕೊಟ್ಟದ್ದಾ? ವಾಪಸ್ಸಾ?" ಏಜೆಂಟರ ಮುಚ್ಚಿದ್ದ ಕಣ್ಣೂ ತೆರೆಯಿತು, ಮತ್ತೆ ಉರಿದು ಮುಚ್ಚಿತು. "ನಾನೇನಾದ್ರೂ ತಪ್ಪು ಮಾಡಿದ್ನಾ? ಪಾಲಿಸಿ ವಿಷಯ ಮತ್ತೆ ಮತ್ತೆ ಎತ್ತಿದ್ದಕ್ಕೆ ಬೇಜಾರಾ?"

"ಹಾಗೇನಿಲ್ಲ."

"ಹಾಗಾದ್ರೆ ಹೇಳಿ ಮತ್ತೆ, ಏನು ವಿಷಯ?"

ರಾಯರು ಹೇಳದೆ ಒಳಗೆ ನುಗ್ಗಿ ಪೈಪು ಬದಲಾಯಿಸತೊಡಗಿದರು. ಹೇಳದೆ ಇದ್ದದ್ದೇ ತಪ್ಪಾಯಿತು. ಏಜೆಂಟರ ವೃತ್ತಿಯೇ ಮನೆ ಮನೆಗೆ ಹೋಗಿ ಭಯ ಹುಟ್ಟಿಸುವುದು. ಅವರು ನೊರೆ ಒರೆಸಿಕೊಂಡು ಮೆಟ್ಟಿಲು ಹತ್ತಿ, ರಾಯರು ತಲುಪುವ ಮೊದಲೇ ಉಳಿದ ಮನೆಗಳಿಗೆ ಸುದ್ದಿ ತಲುಪಿಸಿದರು. ರಾಯರಿಗೆ ಎಲ್ಲರ ಮೇಲೆ ಕೋಪ ಬಂದಿದೆ, ಕೊಟ್ಟದ್ದನ್ನೆಲ್ಲ ಕಿತ್ತುಕೊಂಡು ಹೋಗುತ್ತಿದ್ದಾರೆ, ನೀರನ್ನೂ ನಿಲ್ಲಿಸಿದ್ದಾರೆ.

ಮೊದಲ ಮಹಡಿಯಲ್ಲಿ ಕೋರ್ಟಿನ ಗುಮಾಸ್ತರು ಬಾಗಿಲಿಗೆ ಅಡ್ಡ ನಿಂತು, "ನೋಡಿ ರಾಯರೇ, ಉಡುಗೊರೆ ಒಂದ್ಸಲ ಕೊಟ್ಟ ಮೇಲೆ ಮುಗೀತು. ಕಾನೂನಲ್ಲಿ ವಾಪಸ್ ಅನ್ನೋದಿಲ್ಲ. ಕೊಡ್ಬೇಕು ಅಂತಿದ್ರೆ ಲಿಖಿತವಾಗಿ ಕೇಳಿ," ಎಂದರು. ರಾಯರು ನಿಂತ ನಿಲುವಿನಲ್ಲೇ ಒದ್ದೆ ಚೀಟಿಯ ಮೇಲೆ ಅರ್ಜಿ ಬರೆದುಕೊಟ್ಟರು. ಗುಮಾಸ್ತರು ಅದನ್ನು ಎರಡು ಸಲ ಓದಿ, ಒಂದು ಕಡೆ ಸಹಿ ಬಿಟ್ಟುಹೋಗಿದೆ ಎಂದು ತೋರಿಸಿ, ಆಮೇಲೆ ಒಳಗೆ ಬಿಟ್ಟರು. ಮೇಲಿನ ಮನೆಯ ಬಸ್ ಡ್ರೈವರು ಡ್ಯೂಟಿಗೆ ಹೋಗಿದ್ದ. ಅವನ ತಾಯಿ ಬೇಸಿನ್ನಿನ ಕಡೆ ಕೈ ತೋರಿಸಿದಳು. ಹೊರಡುವಾಗ ಮಾತ್ರ, "ನನ್ನ ಮಗ ಏನಾದ್ರೂ ಅಂದಿದ್ರೆ ಹೊಟ್ಟೇಲಿ ಹಾಕ್ಕೊಳಪ್ಪ," ಎಂದಳು. ರಾಯರು ಚೀಲ ಎತ್ತಿಕೊಂಡು ದಡಬಡ ಮೆಟ್ಟಿಲಿಳಿದರು.

ಇಷ್ಟರ ನಡುವೆ ಮೂರನೆಯ ಮಹಡಿಯಿಂದ ರಾಯರ ಹೆಂಡತಿಯ ದನಿ ಎರಡು ಸಲ ಕೆಳಗಿಳಿಯಿತು. "ರೀ, ನಲ್ಲೀಲಿ ನೀರೇ ಇಲ್ಲ!"

"ಬರುತ್ತೆ ಇರೇ!" ಎಂದು ರಾಯರು ಮೆಟ್ಟಿಲಿನಿಂದಲೇ ಕೂಗಿದರು.

ಕೊನೆಗೆ ಟೈಲರಕ್ಕನ ಮನೆ. ಇದನ್ನು ಮೊದಲು ಮಾಡಬೇಕಿತ್ತು, ಆದರೆ ಆ ಬಾಗಿಲು ತಟ್ಟಲು ಧೈರ್ಯ ಸಾಲದೆ ಎರಡು ಸಲ ದಾಟಿ ಹೋಗಿದ್ದರು. ಟೈಲರಕ್ಕ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು, ಹೆಗಲ ಮೇಲೆ ಮೊಮ್ಮಗಳನ್ನು ಮಲಗಿಸಿಕೊಂಡು ನಿಂತಿದ್ದಳು. ಕಣ್ಣು ಆಗಲೇ ಒದ್ದೆ.

"ಬಾ ಅಣ್ಣಾ, ತಗೊಂಡ್ಹೋಗು. ಪೈಪು ಹೋದ್ರೆ ಹೋಗ್ಲಿ. ಆದ್ರೆ ಮನಸ್ಸಲ್ಲಿ ಏನಿದೆ ಅಂತ ಹೇಳ್ಬಿಡು. ನಿನ್ನ ಬಟ್ಟೆ ಒಂದಿನ ತಡವಾಗಿ ಕೊಟ್ಟಿದೀನಾ?"

ಮಗು ಅಜ್ಜಿಯ ಹೆಗಲ ಮೇಲಿಂದ ರಾಯರನ್ನು ನೋಡಿ, ಬಾಯಗಲಿಸಿ ಆಕಳಿಸಿತು. ರಾಯರು ಪೈಪು ಬಿಚ್ಚಿ ತಾಮ್ರದ್ದನ್ನು ಹಾಕಿದರು. ಹೊರಗೆ ಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಇಡೀ ಕಟ್ಟಡವೇ ನೆರೆದಿತ್ತು. ಮೇಷ್ಟ್ರು, ಅವರ ಹೆಂಡತಿ, ಒಣಗಿದ ನೊರೆಯ ಏಜೆಂಟರು, ಕೈಯಲ್ಲಿ ಅರ್ಜಿ ಹಿಡಿದ ಗುಮಾಸ್ತರು, ಡ್ರೈವರಿನ ತಾಯಿ. ಎಲ್ಲರದೂ ಒಂದೇ ಪ್ರಶ್ನೆ, ಯಾಕೆ.

ರಾಯರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಕೋಪ ಅಲ್ಲ, ನಾಚಿಕೆ," ಎಂದರು. "ಆ ಪೈಪೊಳಗೆ ವಿಷ ಇದೆ. ಆಸ್ಪತ್ರೆಯವರು ನಾಶ ಮಾಡು ಅಂದಿದ್ರು. ನಾನು ಮಾಡಿದೆ ಅಂತ ಸಹಿ ಹಾಕಿ, ನಿಮಗೆ ತಂದು ಹಂಚಿದೆ. ಯಾಕೆ ನಾಶ ಮಾಡ್ಬೇಕು ಅಂತ ಓದ್ಲಿಲ್ಲ. ಇವತ್ತು ಗೊತ್ತಾಯ್ತು. ಮಾಡಬಾರದ್ದು ಮಾಡಿದೀನಿ. ಒಂದು ವರ್ಷ ನಿಮ್ಮೆಲ್ಲರ ಹತ್ರ ದೊಡ್ಡ ಮನುಷ್ಯ ಅನ್ನಿಸ್ಕೊಂಡೆ. ಈ ಮಗೂನ ನೋಡೋಕೂ ನನಗೆ ಮುಖ ಇಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮನ್ನು ನಂಬಲಿಲ್ಲವೆಂದುಕೊಂಡು ರಾಯರು, "ಬೇಕಾದ್ರೆ ನೋಡಿ, ಕಣ್ಣಾರೆ ನೋಡಿ," ಎಂದು ಚೀಲದಿಂದ ಕಟ್ಟರು ತೆಗೆದು ಮೇಷ್ಟ್ರ ಮನೆಯ ಪೈಪನ್ನು ಕಚಕ್ಕನೆ ಕತ್ತರಿಸಿ, ರಬ್ಬರನ್ನು ಸೀಳಿ ಹಿಡಿದರು.

ಒಳಗೆ ಏನೂ ಇರಲಿಲ್ಲ. ತೊಳೆದ ಲೋಟದ ಹಾಗಿತ್ತು.

"ಇದೊಂದು ಹೇಗೋ ಬಚಾವಾಗಿದೆ," ಎಂದು ಏಜೆಂಟರದನ್ನು ಕತ್ತರಿಸಿದರು. ಅದೂ ಚೊಕ್ಕ. ಗುಮಾಸ್ತರದನ್ನು ಕತ್ತರಿಸಿದರು, ಡ್ರೈವರಿನದನ್ನು ಕತ್ತರಿಸಿದರು. ಹಣೆಯ ಬೆವರು ಒರೆಸಿಕೊಂಡು ಟೈಲರಕ್ಕನದನ್ನೂ ಕತ್ತರಿಸಿದರು. ಐದೂ ಪೈಪು ಒಳಗೂ ಹೊರಗೂ ಹೊಸದು. ಹತ್ತು ತುಂಡುಗಳ ನಡುವೆ ರಾಯರು ಇಂಗು ತಿಂದ ಮಂಗನ ಹಾಗೆ ಕುಳಿತರು.

"ನಾನು ಕೊಟ್ಟದ್ದು ಇವಲ್ಲ," ಎಂದರು ಮೆಲ್ಲಗೆ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗನ ಮುಖವಾಗಿತ್ತು ಅವರದು. "ಅಲ್ಲ. ತಪ್ಪು ತಿಳೀಬೇಡಿ ರಾಯರೇ. ಆಸ್ಪತ್ರೆ ಪೈಪು ಅಂದ್ರಲ್ಲ, ನಮ್ಮನೆಯವಳು ಮುಟ್ಟೋಕೇ ಒಪ್ಪಲಿಲ್ಲ. ಹಾಗಂತ ನಿಮ್ಮ ಮನಸ್ಸು ನೋಯಿಸೋಕಾಗುತ್ತಾ? ನೀವು ಬಂದಾಗೆಲ್ಲ ಬಗ್ಗಿ ನೋಡ್ತಿದ್ರಿ. ಅದಕ್ಕೆ ಅಂಥದ್ದೇ ಹೊಸದೊಂದು ತಂದು ಹಾಕಿಸಿದೆ."

"ನಾನೂ," ಎಂದರು ಏಜೆಂಟರು. ಗುಮಾಸ್ತರು ಅರ್ಜಿಯನ್ನು ಮಡಚಿ ಜೇಬಿಗಿಟ್ಟು ತಲೆಯಾಡಿಸಿದರು. ಡ್ರೈವರಿನ ತಾಯಿ ನೆಲ ನೋಡಿದಳು. ಟೈಲರಕ್ಕ, "ನಾನು ನಾಳೆ ಮಗಳು ಬಾಣಂತನಕ್ಕೆ ಬರೋ ಮನೆ ಅಂತ ಅವತ್ತೇ ಬದಲಾಯಿಸಿದೆ ಅಣ್ಣಾ," ಎಂದಳು.

ಒಂದು ವರ್ಷ ಇಡೀ ಕಟ್ಟಡ ಸೇರಿ ತಮ್ಮನ್ನು ಮಗುವಿನ ಹಾಗೆ ಸಂಭಾಳಿಸಿದೆ ಎಂದು ತಿಳಿದಾಗ ರಾಯರಿಗೆ ಆದ ನಾಚಿಕೆ ಬೇರೆಯೇ ಥರದ್ದು. ಆದರೂ ಅದರ ಅಡಿಯಲ್ಲಿ ನೆಮ್ಮದಿಯೂ ಇತ್ತು. ಮಗುವಿಗೆ ಏನೂ ಆಗಿಲ್ಲ. ಅವರು ಅರ್ಧ ಅಳುತ್ತ ಅರ್ಧ ನಗುತ್ತ, "ಬದುಕಿದೆ ಕಣ್ರಪ್ಪಾ! ಒಳ್ಳೇ ಕೆಲಸ ಮಾಡಿದ್ರಿ. ನಾನು ಕೊಟ್ಟದ್ದನ್ನ ಕಸಕ್ಕೆ ಹಾಕಿದ್ರಿ ತಾನೇ?" ಎಂದು ಕೇಳಿದರು.

"ಕಸಕ್ಕಾ? ಅಷ್ಟು ಹೊಳೆಯೋದನ್ನ ಹೇಗೆ ಹಾಕೋದು?" ಎಂದರು ಮೇಷ್ಟ್ರ ಹೆಂಡತಿ. "ಸೈಜ್ ಆಗ್ಲಿಲ್ಲ, ನಿಮ್ಮವರಿಗೆ ಹೇಳ್ಬೇಡಿ ಅಂತ ನಿಮ್ಮನೆಯವರ ಕೈಗೇ ಕೊಟ್ವಿ. ಎಲ್ರೂ ಹಾಗೇ ಮಾಡಿದ್ದು."

ಖಾಲಿ ಬಕೆಟ್ಟು ಹಿಡಿದು ರಾಯರ ಹೆಂಡತಿ ಅದೇ ಹೊತ್ತಿಗೆ ಮೆಟ್ಟಿಲಿಳಿದು ಬಂದಳು. ಎಲ್ಲರೂ ಅವಳತ್ತ ತಿರುಗಿದರು.

"ಏನೇ, ಆ ಐದು ಪೈಪು ಎಲ್ಲಿಟ್ಟಿದೀಯ?" ಎಂದು ರಾಯರು ಕೇಳಿದರು.

"ಇಡೋದೇನು? ಹಾಕಿದೀನಿ. ಅಡುಗೆಮನೆ ನಲ್ಲಿಗೆ ಒಂದು, ಬೇಸಿನ್ನಿಗೆ ಒಂದು, ಕುಡಿಯೋ ನೀರಿನ ಫಿಲ್ಟರಿಗೆ ಒಂದು, ಗೀಸರಿಗೆ ಎರಡು. ಎಲ್ಲಾ ಸೋರ್ತಿತ್ತು. ನಿಮಗೆ ಹೇಳಿ ಹೇಳಿ ಬಾಯಿ ನೋವು ಬಂತು. ಊರ ನಲ್ಲಿ ಎಲ್ಲಾ ನೋಡ್ತೀರಿ, ಮನೆ ನಲ್ಲಿ ಕಡೆ ತಿರುಗಲ್ಲ. ಅದಕ್ಕೆ ನಿಮ್ಮ ಸ್ಪ್ಯಾನರ್ ತಗೊಂಡು ನಾನೇ ಹಾಕ್ದೆ. ಒಂದು ವರ್ಷ ಆಯ್ತು, ಒಂದು ಹನಿ ಸೋರಿಲ್ಲ."

ಏಜೆಂಟರಿಗೆ ನಗು ತಡೆಯಲಾಗಲಿಲ್ಲ. ಗುಮಾಸ್ತರೂ ಸೇರಿಕೊಂಡರು. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಾಯರೂ ಬೇರೆ ದಾರಿಯಿಲ್ಲದೆ ಹುಳ್ಳಗೆ ನಕ್ಕರು. ನಗದೆ ಇದ್ದವಳು ಟೈಲರಕ್ಕ ಒಬ್ಬಳೇ. ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಬಿಳಿಚಿಕೊಂಡಿದ್ದಳು.

"ಅಕ್ಕಾ," ಎಂದಳು ರಾಯರ ಹೆಂಡತಿಯನ್ನು ನೋಡಿ, "ನಮ್ಮನೆ ಗೀಸರು ಕೆಟ್ಟಿದೆ ಅಂತ, ಹುಟ್ಟಿದಾಗಿನಿಂದ ಇವಳಿಗೆ ಸ್ನಾನ ನಿಮ್ಮನೇಲೇ ಅಲ್ವಾ?"

"ಹೌದಲ್ಲ. ಬೆಳಗ್ಗೆ ಇವರು ಕೆಲಸಕ್ಕೆ ಹೋದ ಮೇಲೆ ದಿನಾ ನಾನೇ ಮಾಡಿಸ್ತೀನಿ," ಎಂದಳು ರಾಯರ ಹೆಂಡತಿ, ಇನ್ನೂ ಏನೂ ಅರ್ಥವಾಗದೆ. ನಗು ನಿಂತುಹೋಯಿತು.

ಅರ್ಧ ಗಂಟೆಯೊಳಗೆ ಅವರೆಲ್ಲ ಎರಡು ಆಟೋಗಳಲ್ಲಿ ರಾಯರ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬಂದಿದ್ದರು. ಹತ್ತಿರ ಇದ್ದದ್ದು ಅದೊಂದೇ. ಡಾಕ್ಟರಮ್ಮ ಟೈಲರಕ್ಕನಿಂದ ಪೈಪಿನ ಕಥೆ ಕೇಳಿ, ಮಗುವಿನ ಎದೆಗೆ ಸ್ಟೆತಸ್ಕೋಪು ಇಟ್ಟು ನೋಡಿದರು, ಬೆನ್ನಿಗೆ ಇಟ್ಟು ನೋಡಿದರು, ಹೊಟ್ಟೆ ಒತ್ತಿ ನೋಡಿದರು. ಮಗು ಅವರ ಬೆರಳು ಹಿಡಿದು ಬಾಯಿಗೆಳೆದುಕೊಂಡಿತು.

"ಗುಂಡುಕಲ್ಲಿನ ಹಾಗಿದಾಳೆ. ಏನೂ ಆಗಿಲ್ಲ," ಎಂದರು ಡಾಕ್ಟರಮ್ಮ. ಟೈಲರಕ್ಕ ಗೋಡೆಗೆ ಒರಗಿ ಬಿಕ್ಕಿದಳು. ರಾಯರು ಕಣ್ಣು ಮುಚ್ಚಿ ಕೈ ಮುಗಿದರು. ಇನ್ನು ಮನೆಗೆ ಹೋಗಿ ಆ ಐದನ್ನೂ ಕಿತ್ತು ಪುಡಿ ಮಾಡಿದರೆ ಮುಗಿಯಿತು, ಆಸ್ಪತ್ರೆಗೆ ಏನೂ ತಿಳಿಯಬೇಕಾಗಿಲ್ಲ ಎಂದುಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

"ಒಂದ್ನಿಮಿಷ," ಎಂದರು ಡಾಕ್ಟರಮ್ಮ ಫಾರಮ್ಮೊಂದನ್ನು ಎಳೆದುಕೊಂಡು. "ನೀರಿನ ವಿಷಯ, ಪ್ರಯೋಗಾಲಯಕ್ಕೆ ಬರೆದು ಕಳಿಸ್ಲೇಬೇಕು. ಇಲ್ಲೊಂದು ಕಾಲಂ ಇದೆ. ಪೈಪು ಎಲ್ಲಿಂದ ತಂದದ್ದು?"

ಮೇಷ್ಟ್ರು ರಾಯರನ್ನು ನೋಡಿದರು. ಏಜೆಂಟರು, ಗುಮಾಸ್ತರು, ಟೈಲರಕ್ಕ, ಹೆಂಡತಿ, ಎಲ್ಲರೂ ನೋಡಿದರು. ಈ ಸಲ ಸುಳ್ಳು ಹೇಳಲು ರಾಯರಿಗೆ ಬಾಯಿ ಬರಲಿಲ್ಲ.

"ಆಸ್ಪತ್ರೆಯಿಂದ, ಡಾಕ್ಟ್ರೇ."

"ಯಾವ ಆಸ್ಪತ್ರೆ?"

"ಇದೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ರಾಯರನ್ನು ಸರಿಯಾಗಿ ನೋಡಿದರು. "ನೀವು ಬೆಳಗ್ಗೆ ಚಪ್ಪಾಳೆ ಗಿಟ್ಟಿಸಿದ ಪ್ಲಂಬರ್ ಅಲ್ವಾ?" ಎಂದು ಕೇಳಿ, ಸೂಪರಿಂಟೆಂಡೆಂಟ್ ಡಾಕ್ಟರಿಗೆ ಫೋನು ಮಾಡಿದರು.